ನೆಕ್ಸ್ಟ್‌ಕ್ಲೌಡ್ 25ರಿಂದ ನೇರವಾಗಿ 31ಕ್ಕೆ ಹೋಗಬಹುದಾ?

ಶಿಡ್ಲಘಟ್ಟ ಸ್ಟುಡಿಯೋ:
ನಮ್ಮದು ಮದುವೆ ಫೋಟೋ ಸ್ಟುಡಿಯೋ. ಅಂಗಡಿಯ ಹಳೇ ಪಿಸಿಯಲ್ಲಿ ಡಾಕರ್ (ಒಂದೊಂದು ಸಾಫ್ಟ್‌ವೇರನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟಂತೆ ಓಡಿಸುವ ವ್ಯವಸ್ಥೆ) ಹಾಕಿ, ಸ್ವಂತ ಗೂಗಲ್ ಡ್ರೈವ್ ಥರದ ನೆಕ್ಸ್ಟ್‌ಕ್ಲೌಡ್‌ನ 25ನೇ ವರ್ಷನ್ ಓಡಿಸುತ್ತಿದ್ದೇನೆ. 1.4 ಟಿಬಿ ಫೋಟೋ ಇದೆ. ಹೆಣ್ಣಿನ ಕಡೆಯವರಿಗೂ ಗಂಡಿನ ಕಡೆಯವರಿಗೂ ಲಿಂಕ್ ಹೋಗುವುದು ಇದರಿಂದಲೇ. ಸೀಸನ್‌ನಲ್ಲಿ ಕೈ ಹಾಕಲು ಧೈರ್ಯ ಬರಲಿಲ್ಲ. ಈಗ ಆಷಾಢ, ಮುಹೂರ್ತ ಇಲ್ಲ. ನಿನ್ನೆ ರಾತ್ರಿ ಕೂತೆ.

ಯಾವ ವರ್ಷನ್ ಬೇಕು ಅಂತ ಡಾಕರ್‌ಗೆ ಹೇಳುವ ಕಂಪೋಸ್ ಫೈಲ್‌ನಲ್ಲಿ 25 ಅಳಿಸಿ 31 ಅಂತ ಬರೆದೆ. ಅದರ ಡೇಟಾಬೇಸ್ ಪೋಸ್ಟ್‌ಗ್ರೆಸ್ ಮುಂದೆ ಮೊದಲಿಂದಲೂ ‘ಲೇಟೆಸ್ಟ್’ ಅಂತಿತ್ತು. ಹೊಸ ವರ್ಷನ್ ಇಳಿಸಲು ಪುಲ್ ಕೊಟ್ಟೆ. ಎರಡೂ ಏಳಲಿಲ್ಲ. ಒಂದು ಲಾಗ್‌ನಲ್ಲಿ ‘ಒಂದು ಸಲಕ್ಕೆ ಒಂದೇ ಮೇಜರ್ ವರ್ಷನ್’ ಅಂತ ಬಂತು. ಇನ್ನೊಂದರಲ್ಲಿ ಡೇಟಾ 14ರದ್ದು, ಸರ್ವರ್ 17 ಅಂತ. ಬೆಳಗ್ಗೆಯಿಂದ ಊಟ ಸೇರಿಲ್ಲ. ಫೋಟೋಗಳು ಹೋದವಾ?

ತುಮಕೂರು ಲಿನಕ್ಸ್:
ಹೋಗಿಲ್ಲ ಸರ್, ಮೊದಲು ಊಟ ಮಾಡಿ. ಫೋಟೋಗಳು ಬೇರೆ ಫೋಲ್ಡರ್‌ನಲ್ಲಿ ಇರುತ್ತವೆ. ಡೇಟಾಬೇಸ್‌ನಲ್ಲಿ ಇರುವುದು ಫೈಲ್ ಹೆಸರು, ಯೂಸರ್, ಲಿಂಕ್‌ಗಳ ಲೆಕ್ಕ. ಹಳೇ ಡೇಟಾ ಕಂಡರೆ ಹೊಸ ಪೋಸ್ಟ್‌ಗ್ರೆಸ್ ಅದನ್ನು ಮುಟ್ಟುವುದಿಲ್ಲ, ಸುಮ್ನೆ ನಿಂತುಬಿಡುತ್ತೆ. ಲೇಟೆಸ್ಟ್ ತೆಗೆದು 14 ಅಂತ ಬರೆಯಿರಿ, ನೆಕ್ಸ್ಟ್‌ಕ್ಲೌಡ್‌ಗೆ 25 ವಾಪಸ್ ಹಾಕಿ. ಎರಡೂ ಏಳುತ್ತವೆ.

ಆಮೇಲೆ ಪಿಜಿ ಡಂಪ್, ಅಂದರೆ ಡೇಟಾಬೇಸ್‌ನ ಕಾಪಿ, ತೆಗೆದು ಬೇರೆ ಡಿಸ್ಕ್‌ಗೆ ಹಾಕಿ. ಫೋಟೋಗಳ ಕಾಪಿಯೂ ಇರಲಿ. ನಂತರ 26, 27, 28, ಹೀಗೆ ಒಂದೊಂದೇ ಮೆಟ್ಟಿಲು. ಪ್ರತಿ ಸಲ ಲಾಗಿನ್ ಆಗಿ, ಒಂದು ಹಳೇ ಲಿಂಕ್ ತೆರೆದು ನೋಡಿ. ಪೋಸ್ಟ್‌ಗ್ರೆಸ್ ಅಲ್ಲಿಯವರೆಗೆ 14ರಲ್ಲೇ ಇರಲಿ. ಅದು 2021ರದ್ದು, ಪ್ರತಿ ಮೇಜರ್ ವರ್ಷನ್‌ಗೂ 5 ವರ್ಷ ಸಪೋರ್ಟ್ ಇರುತ್ತೆ. ಎರಡನ್ನೂ ಒಂದೇ ರಾತ್ರಿ ಎತ್ತಿದರೆ ತಪ್ಪು ಯಾವುದರದ್ದು ಅಂತ ಗೊತ್ತೇ ಆಗಲ್ಲ.

ಕೋಲಾರ ಹೋಮ್‌ಲ್ಯಾಬ್:
ನೀವು ಡಾಕರ್‌ನಲ್ಲಿ ಇರುವುದು ಒಳ್ಳೆಯದೇ ಆಯ್ತು. ನಾನು ಡಾಕರ್ ಇಲ್ಲದೆ ಡೆಬಿಯನ್ 11 ಲಿನಕ್ಸ್‌ನಲ್ಲಿ ನೇರವಾಗಿ ಹಾಕಿದ್ದೆ. ನೆಕ್ಸ್ಟ್‌ಕ್ಲೌಡ್ ಓಡಲು ಬೇಕಾದ ಪಿಎಚ್‌ಪಿ ಅದರಲ್ಲಿ 7.4, ನೆಕ್ಸ್ಟ್‌ಕ್ಲೌಡ್ 26ಕ್ಕೆ 8.0 ಆದರೂ ಬೇಕು. ಡೆಬಿಯನ್ 12ಕ್ಕೆ ಹೋದರೆ 8.2 ಬರುತ್ತೆ, ಅದು 25ಕ್ಕೆ ಆಗಲ್ಲ. ಮಧ್ಯೆ ಸಿಕ್ಕಿ ಎರಡು ದಿನ ಒದ್ದಾಡಿದೆ. ಡಾಕರ್‌ನಲ್ಲಿ ಪಿಎಚ್‌ಪಿ ನೆಕ್ಸ್ಟ್‌ಕ್ಲೌಡ್‌ನ ಇಮೇಜ್ (ಇಳಿಸಿಕೊಳ್ಳುವ ಪ್ಯಾಕೇಜ್) ಜೊತೆಗೇ ಬರುತ್ತೆ.

ಇನ್ನೊಂದು, ಮುಂದೆ ಹೊಸ ಮೇಜರ್ ಬಂದ ದಿನವೇ ಹಾಕಬೇಡಿ. ನಾನಂತೂ ಅದರ ಪಾಯಿಂಟ್ 2, 3 ತಿದ್ದುಪಡಿ ಬರುವವರೆಗೆ ಕಾಯುತ್ತೇನೆ. ಹಾಗಂತ ವರ್ಷಗಟ್ಟಲೆ ಬಿಡಬೇಡಿ. ಒಂದು ಮೇಜರ್‌ಗೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು ಸುಮಾರು ಒಂದು ವರ್ಷ ಅಷ್ಟೇ.

ಶಿಡ್ಲಘಟ್ಟ ಸ್ಟುಡಿಯೋ:
14 ಅಂತ ಬರೆದೆ, ಎದ್ದಿತು! ಮೊನ್ನೆ ಕಳಿಸಿದ್ದ ಚಿಂತಾಮಣಿಯ ಆಲ್ಬಂ ಲಿಂಕ್ ತೆರೆದು ನೋಡಿದೆ, ಧಾರೆಯ ಫೋಟೋಗಳು ಎಲ್ಲಾ ಇವೆ. ಕಣ್ಣಲ್ಲಿ ನೀರು ಬಂತು. ಡಂಪ್ ಪೆನ್‌ಡ್ರೈವ್‌ಗೆ ಹಾಕಿದೆ, ಫೋಟೋಗಳು ಹೊಸ ಡಿಸ್ಕ್‌ಗೆ ಕಾಪಿ ಆಗುತ್ತಿವೆ. ಅದು ಮುಗಿದ ಮೇಲೆ 26. ದಿನಕ್ಕೆ ಒಂದೇ, ಶಟರ್ ಎಳೆದ ಮೇಲೆ. ಶ್ರಾವಣಕ್ಕೆ ಇನ್ನೂ ಹನ್ನೆರಡು ದಿನ ಇದೆ.