ಹಳೆಯ ತೂಕದ ಮೆಷೀನ್‌ನಿಂದ ಗ್ಯಾಸ್ ಸಿಲಿಂಡರ್ ಸೆನ್ಸರ್: ಒಂದು ಮೂಲೆ ಉಲ್ಟಾ, ರೀಡಿಂಗ್ ಸರಿಯುತ್ತಿದೆ

ಕೇಳಿದವರು: ತೂಕದಮನೆ

ನಾಲ್ಕು ಕಾಲಿನ ಡಿಜಿಟಲ್ ಬಾತ್‌ರೂಮ್ ಸ್ಕೇಲ್ ಬಿಚ್ಚಿ, ಅದರ ಬೋರ್ಡ್ ತೆಗೆದು, ಲೋಡ್ ಸೆಲ್‌ಗಳಿಗೆ (ಕಾಲುಗಳಲ್ಲಿರುವ ತೂಕದ ಸೆನ್ಸರ್‌ಗಳು) ಎಚ್‌ಎಕ್ಸ್711 (ಅವುಗಳ ಸಣ್ಣ ಸಿಗ್ನಲ್ ಅನ್ನು ಅಂಕಿಯಾಗಿಸುವ ಚಿಪ್) ಮತ್ತು ಇಎಸ್‌ಪಿ8266 (ವೈ-ಫೈ ಇರುವ ಪುಟ್ಟ ಕಂಟ್ರೋಲರ್) ಜೋಡಿಸಿದ್ದೇನೆ. ಇಎಸ್‌ಪಿಹೋಮ್ (ಇಎಸ್‌ಪಿಯಲ್ಲಿ ಓಡುವ ಸಾಫ್ಟ್‌ವೇರ್) ಮೂಲಕ ಹೋಮ್ ಅಸಿಸ್ಟೆಂಟ್‌ಗೆ (ಮನೆಯ ಸಾಧನಗಳನ್ನು ನಿಭಾಯಿಸುವ ಸಾಫ್ಟ್‌ವೇರ್) ತೂಕ ಬರುತ್ತಿದೆ. ಆದರೆ ಒಂದು ಮೂಲೆ ಒತ್ತಿದರೆ ತೂಕ ಏರುವ ಬದಲು ಇಳಿಯುತ್ತದೆ. ಸಿಲಿಂಡರ್ ಇಟ್ಟು ಒಲೆ ಹಚ್ಚದೆ ಬಿಟ್ಟರೂ ಬೆಳಗಾಗುವಷ್ಟರಲ್ಲಿ 200–300 ಗ್ರಾಂ ವ್ಯತ್ಯಾಸ. ಸ್ಕೇಲ್‌ನಲ್ಲಿದ್ದ ಬಟನ್ ಸೆಲ್‌ನಲ್ಲೇ ಇದನ್ನು ಓಡಿಸಬಹುದೇ?

ಬೆಸುಗೆಕಡ್ಡಿ:

ಮೊದಲು ಮೂಲೆಯ ವಿಷಯ. ಆ ಸೆಲ್‌ನ ಎರಡು ತುದಿ ತಂತಿಗಳು ಅದಲುಬದಲಾಗಿವೆ, ಇಲ್ಲವೇ ವಾಪಸ್ ಕೂರಿಸುವಾಗ ಸೆಲ್ ಮಗುಚಿದೆ. ತಂತಿಯ ಬಣ್ಣ ನಂಬಬೇಡಿ, ಮಲ್ಟಿಮೀಟರ್ ಹಿಡಿಯಿರಿ. ಮೂರು ತಂತಿಗಳಲ್ಲಿ ಯಾವ ಜೋಡಿಯ ನಡುವೆ ರೆಸಿಸ್ಟನ್ಸ್ ಅತಿ ಹೆಚ್ಚೋ (ಸಾಮಾನ್ಯವಾಗಿ 2 ಕಿಲೋ ಓಮ್ ಆಸುಪಾಸು) ಅವು ತುದಿಗಳು. ಉಳಿದದ್ದು ನಡುತಂತಿ, ಅದರಿಂದ ಎರಡೂ ತುದಿಗೆ ಸುಮಾರು ಅರ್ಧ ಬರುತ್ತದೆ. ನಡುತಂತಿ ಹೆಚ್ಚಾಗಿ ಕೆಂಪು, ತುದಿಗಳು ಬಿಳಿ ಮತ್ತು ಕಪ್ಪು ಎಂದಿಟ್ಟುಕೊಳ್ಳೋಣ.

ಕಾಲುಗಳಿಗೆ ಸುತ್ತಲೂ ಕ್ರಮವಾಗಿ 1, 2, 3, 4 ಎಂದು ಬರೆದುಕೊಳ್ಳಿ. 1–2ರ ಬಿಳಿ ತಂತಿಗಳು ಸೇರಬೇಕು, 2–3ರ ಕಪ್ಪು, 3–4ರ ಬಿಳಿ, 4–1ರ ಕಪ್ಪು. ಹೀಗೆ ಒಂದು ಬಳೆ ಆಗುತ್ತದೆ. ನಡುತಂತಿಗಳಲ್ಲಿ 1 ಎಚ್‌ಎಕ್ಸ್711 ಬೋರ್ಡ್‌ನ ಇ ಪ್ಲಸ್‌ಗೆ (ಇ ಜೋಡಿ ಸೆಲ್‌ಗಳಿಗೆ ವಿದ್ಯುತ್ ಕೊಡುತ್ತದೆ, ಎ ಜೋಡಿ ಸಿಗ್ನಲ್ ಓದುತ್ತದೆ), ಅದರ ಎದುರು ಮೂಲೆಯ 3 ಇ ಮೈನಸ್‌ಗೆ. 2 ಎ ಪ್ಲಸ್‌ಗೆ, 4 ಎ ಮೈನಸ್‌ಗೆ. ಒಂದೇ ಮೂಲೆ ಉಲ್ಟಾ ಇದ್ದರೆ ಆ ಸೆಲ್‌ನ ಕಪ್ಪು–ಬಿಳಿ ಬದಲಿಸಿ. ನಾಲ್ಕೂ ಉಲ್ಟಾ ಇದ್ದರೆ ಎ ಪ್ಲಸ್, ಎ ಮೈನಸ್ ಬದಲಿಸಿದರೆ ಸಾಕು.

ಇನ್ನೊಂದು: ಎಚ್‌ಎಕ್ಸ್711ಗೆ 3.3 ವೋಲ್ಟ್ ಕೊಡಿ. 5 ವೋಲ್ಟ್ ಕೊಟ್ಟರೆ ಡೇಟಾ ಪಿನ್ ಕೂಡ 5 ವೋಲ್ಟ್ ಹೊರಹಾಕುತ್ತದೆ, ಇಎಸ್‌ಪಿ8266ರ ಪಿನ್‌ಗಳು ಅದಕ್ಕಾಗಿ ಮಾಡಿದವಲ್ಲ. ಡೇಟಾ, ಕ್ಲಾಕ್ ಎರಡಕ್ಕೂ ಇಎಸ್‌ಪಿಯ ಜಿಪಿಐಒ 4 ಮತ್ತು 5 ಪಿನ್‌ಗಳು ಒಳ್ಳೆಯವು. 0, 2, 15 ಬೂಟ್ ಆಗುವಾಗ ಕೈಕೊಡುತ್ತವೆ.

ಅಳತೆಗೋಲು:

ಬೆಸುಗೆಕಡ್ಡಿ ಹೇಳಿದ್ದು ಸರಿ. ಆದರೆ ರಾತ್ರಿಯ 300 ಗ್ರಾಂ ವೈರಿಂಗ್‌ನಿಂದ ಹೋಗುವುದಿಲ್ಲ, ಅದು ಈ ಸೆಲ್‌ಗಳ ಸ್ವಭಾವ. ಬಾತ್‌ರೂಮ್ ಸ್ಕೇಲ್ ಮೇಲೆ ಜನ ನಿಲ್ಲುವುದು ಕೆಲವೇ ಸೆಕೆಂಡು, ಪ್ರತಿ ಬಾರಿ ಅದು ಸೊನ್ನೆಯಿಂದ ಶುರು ಮಾಡುತ್ತದೆ. ನೀವು ವಾರಗಟ್ಟಲೆ ಭಾರ ಹೊರಿಸಿಟ್ಟಾಗ ಲೋಹವೂ ಸ್ಟ್ರೇನ್ ಗೇಜ್ (ಬಾಗುವುದನ್ನು ಅಳೆಯುವ ತೆಳು ಪಟ್ಟಿ) ಅಂಟಿಸಿದ ಅಂಟೂ ನಿಧಾನವಾಗಿ ಬಾಗುತ್ತಾ ಹೋಗುತ್ತವೆ. ಇದರ ಮೇಲೆ ಕೋಣೆಯ ಬಿಸಿ ಏರಿಳಿದಂತೆ ರೀಡಿಂಗ್ ಕೂಡ ಅಲುಗಾಡುತ್ತದೆ. ಪಕ್ಕದಲ್ಲಿ ಒಂದು ಡಿಎಸ್18ಬಿ20 ತಾಪಮಾನ ಸೆನ್ಸರ್ ಇಟ್ಟು ಎರಡರ ಗ್ರಾಫ್ ಒಟ್ಟಿಗೆ ನೋಡಿ, ಯಾವುದು ಎಷ್ಟೆಂದು ಗೊತ್ತಾಗುತ್ತದೆ.

ಹಾಗಾಗಿ ಗ್ರಾಂ ಲೆಕ್ಕ ಬಿಡಿ. "ಇನ್ನು 2 ಕಿಲೋ ಉಳಿದಿದೆ" ಎಂಬ ಎಚ್ಚರಿಕೆಗೆ ಇದು ಧಾರಾಳ ಸಾಕು. 2 ಕಿಲೋಗೆ ಎಚ್ಚರಿಕೆ, 3 ಕಿಲೋ ದಾಟಿದರೆ ಮಾತ್ರ ರದ್ದು, ಇಷ್ಟು ಅಂತರ ಇಡಿ. ಇಲ್ಲದಿದ್ದರೆ ಗಡಿಯಲ್ಲಿ ನೋಟಿಫಿಕೇಶನ್ ಸುರಿಮಳೆ. ಸಿಲಿಂಡರ್ ಬದಲಿಸುವಾಗ ಹಲಗೆ ಖಾಲಿಯಾಗುವ ಆ ಕ್ಷಣವೇ ಹೊಸ ಸೊನ್ನೆ ಹಿಡಿಯುವ ಸಮಯ. ಆಟೊಮೇಶನ್ ಅದನ್ನೇ ಕಾಯಲಿ. ಖಾಲಿ ಸಿಲಿಂಡರ್‌ನ ತೂಕ ಅದರ ಮೇಲೇ ಅಚ್ಚಾಗಿರುತ್ತದೆ. ಪ್ರತಿ ಸಲ ಅದನ್ನೇ ಕಳೆಯಿರಿ, ಹಳೆಯ ಸಿಲಿಂಡರ್‌ನ ಅಂಕಿ ಹೊಸದಕ್ಕೆ ಹೊಂದುವುದಿಲ್ಲ.

ಕ್ಯಾಲಿಬ್ರೇಶನ್‌ಗೆ ಖಾಲಿ ಹಲಗೆ ಒಂದು ಬಿಂದು, 20 ಲೀಟರ್ ನೀರು ಅಳೆದು ಹಾಕಿದ ಕ್ಯಾನ್ ಇನ್ನೊಂದು (20 ಕಿಲೋಗೆ ಕ್ಯಾನ್‌ನ ತೂಕ ಸೇರಿಸಿ). 1 ಕಿಲೋ ಇಟ್ಟು ಕ್ಯಾಲಿಬ್ರೇಟ್ ಮಾಡಿದರೆ ಸಣ್ಣ ತಪ್ಪು ಮೇಲೆ ಹೋದಂತೆ ಬೆಳೆಯುತ್ತದೆ.

ತೂಕದಮನೆ:

ಬಿಳಿ–ಕಪ್ಪು ಬದಲಿಸಿದ ಮೇಲೆ ಮೂಲೆ ಸರಿಯಾಯಿತು. ಈಗ ಆಗೊಮ್ಮೆ ಈಗೊಮ್ಮೆ ರೀಡಿಂಗ್ ಏಕಾಏಕಿ ಹತ್ತಾರು ಕಿಲೋ ಜಿಗಿದು ವಾಪಸ್ ಬರುತ್ತದೆ.

ಬೆಸುಗೆಕಡ್ಡಿ:

ಮೂರು ಜಾಗ ನೋಡಿ. ಕೆಲವು ಹಸಿರು ಬೋರ್ಡ್‌ಗಳಲ್ಲಿ ಇ ಮೈನಸ್ ಗ್ರೌಂಡ್‌ಗೆ ಸೇರಿರುವುದೇ ಇಲ್ಲ. ಮಲ್ಟಿಮೀಟರ್ ಬೀಪ್ ಮಾಡದಿದ್ದರೆ ಒಂದು ತುಂಡು ತಂತಿಯಿಂದ ಬೆಸೆಯಿರಿ. ವೈ-ಫೈ ಕಳಿಸುವಾಗ ಇಎಸ್‌ಪಿ ನೂರಾರು ಮಿಲಿಆಂಪ್ ಎಳೆಯುತ್ತದೆ, ವೋಲ್ಟೇಜ್ ಕುಸಿದರೆ ರೀಡಿಂಗ್ ಕೆಡುತ್ತದೆ, 3.3 ವೋಲ್ಟ್‌ಗೂ ಗ್ರೌಂಡ್‌ಗೂ ನಡುವೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಬಟನ್ ಸೆಲ್ ಆಗದಿರುವುದಕ್ಕೂ ಇದೇ ಕಾರಣ, ಅದಕ್ಕೆ ಅಷ್ಟು ಕರೆಂಟ್ ಕೊಡುವ ತ್ರಾಣವಿಲ್ಲ. ಇನ್ನು ಸ್ವಂತ ಆರ್ಡುಯಿನೋ ಕೋಡ್ ಬರೆದವರಿಗೆ: ಓದುವ ನಡುವೆ ಕ್ಲಾಕ್ ಪಿನ್ 60 ಮೈಕ್ರೋಸೆಕೆಂಡ್‌ಗಿಂತ ಹೆಚ್ಚು ಹೊತ್ತು ಹೈ ಆಗಿ ಉಳಿದರೆ ಎಚ್‌ಎಕ್ಸ್711 ನಿದ್ದೆಗೆ ಜಾರುತ್ತದೆ, ಬರುವ ಅಂಕಿ ಕಸ.

ಇಷ್ಟಾದ ಮೇಲೆ ಮೀಡಿಯನ್ ಫಿಲ್ಟರ್ ಹಾಕಿ, ವಿಂಡೋ 7 (ಕೊನೆಯ 7 ರೀಡಿಂಗ್‌ಗಳನ್ನು ಕ್ರಮವಾಗಿ ಜೋಡಿಸಿ ನಡುವಿನದನ್ನು ಆರಿಸುವುದು). ಸರಾಸರಿ ಬೇಡ, ಒಂದೇ ಜಿಗಿತ ಅದನ್ನು ಎಳೆದುಬಿಡುತ್ತದೆ.

ಒಲೆಬೆಳಕು:

ಯಾರೂ ಹೇಳದ್ದು: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಮಡುಗಟ್ಟುತ್ತದೆ. ಅಡಾಪ್ಟರ್, ಪ್ಲಗ್, ರಿಲೇ ಯಾವುದೂ ಸಿಲಿಂಡರ್ ಪಕ್ಕ ನೆಲದಲ್ಲಿ ಇರಬಾರದು. ಎಚ್‌ಎಕ್ಸ್711 ಮಾತ್ರ ಸ್ಕೇಲ್ ಒಳಗೆ ಸೆಲ್‌ಗಳ ಹತ್ತಿರ ಇರಲಿ. ಇಎಸ್‌ಪಿಯನ್ನು ಬೇರೆ ಡಬ್ಬಿಯಲ್ಲಿ ಮೇಲೆ, ಆದಷ್ಟು ದೂರದ ಗೋಡೆಗೆ ಹಾಕಿ ನಾಲ್ಕು ತಂತಿಯ ಕೇಬಲ್ ಇಳಿಸಿ. ಒಂದು ಮೀಟರ್ ಉದ್ದ ತೊಂದರೆ ಕೊಡುವುದಿಲ್ಲ. ಸಿಲಿಂಡರ್‌ನ ಕಬ್ಬಿಣದ ಬಳೆ ಸ್ಕೇಲ್‌ನ ಗಾಜಿನ ಮೇಲೆ ನೇರ ಕೂರದಂತೆ 12 ಮಿಲಿಮೀಟರ್ ಪ್ಲೈವುಡ್ ಹಾಕಿ. ಹೋಸ್‌ಪೈಪ್ ಬಿಗಿಯಾಗಿದ್ದರೆ ಅದೂ ಸಿಲಿಂಡರನ್ನು ಎತ್ತಿ ಹಿಡಿದು ತೂಕ ಕಡಿಮೆ ತೋರಿಸುತ್ತದೆ, ಸಡಿಲ ಬಿಡಿ. ಗ್ಯಾಸ್ ಸೋರಿಕೆ ಪತ್ತೆಗೆ ಇದನ್ನು ನೆಚ್ಚಬೇಡಿ, ಅದಕ್ಕೆ ಪ್ರತ್ಯೇಕ ಡಿಟೆಕ್ಟರ್ ಬೇಕು.