ಕರಡಿ ಮನೆಗೆ ಬಹುಮಾನ ಕೊಡುವವರು ಹಿಂದಿನ ಬಾಗಿಲು ನೋಡುತ್ತಾರಾ?

ಬಸವನಗುಡಿ ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಕೊನೆ ವರ್ಷದಲ್ಲಿ ಓದುತ್ತಿದ್ದೇನೆ. ಥೀಸಿಸ್‌ಗೆ ಮೃಗಾಲಯದ ಕರಡಿ ಆವರಣ ತೆಗೆದುಕೊಂಡಿದ್ದೇನೆ. ನಮ್ಮ ಕಡೆಯ ಕಪ್ಪು ಕರಡಿಯೇ, ಗೆದ್ದಲು, ಜೇನು ತಿನ್ನುವಂಥದ್ದು.

ಹೋದ ವಾರ ಜ್ಯೂರಿ ಇತ್ತು, ಅಂದರೆ ಪರೀಕ್ಷಕರು ಬಂದು ನಮ್ಮ ವಿನ್ಯಾಸ ನೋಡುವುದು. ನಾಲ್ಕು ಶೀಟು, ಒಂದು ಮಾಡೆಲ್. ಥರ್ಮಾಕೋಲ್ ಕೊರೆದು ಬಂಡೆ ಮಾಡಿದ್ದೆ. ಮರಗಳಿಗೆ ಅಜ್ಜಿ ಮನೆಯ ಕಟ್ಟೆಯಲ್ಲಿ ಒಣಗಿದ್ದ ತುಳಸಿ ಕಡ್ಡಿ. ಬಂದಿದ್ದ ಮೂವರೂ ಬಗ್ಗಿ, ಜನ ನಿಲ್ಲುವ ಗ್ಯಾಲರಿಯ ಮಟ್ಟಕ್ಕೆ ಕಣ್ಣು ತಂದು ನೋಡಿದರು. "ವ್ಯೂ ತುಂಬಾ ಚೆನ್ನಾಗಿ ಬಂದಿದೆ" ಅಂದರು. ನನಗೂ ಖುಷಿಯಾಯಿತು. ರಾತ್ರಿ ಮನೆಯಲ್ಲಿ ಶೀಟು ಬಿಡಿಸಿ ನೋಡಿದಾಗ ಕಣ್ಣಿಗೆ ಬಿತ್ತು. ಕರಡಿ ಮಲಗುವ ಕೋಣೆಗಳನ್ನು ನಾನು ಬರೀ ಒಂದು ಬೂದು ಬಣ್ಣದ ಚೌಕವಾಗಿ ಬಿಟ್ಟಿದ್ದೆ. ಅದಕ್ಕೆ ಬಾಗಿಲೂ ಬರೆದಿರಲಿಲ್ಲ. ಮೂವರಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ.

ಭಾನುವಾರ ಒಂದು ಮೃಗಾಲಯಕ್ಕೆ ಹೋಗಿ ಕರಡಿ ಆವರಣದ ಮುಂದೆ ಒಂದೂವರೆ ಗಂಟೆ ನಿಂತೆ. ದೊಡ್ಡ ಜಾಗ. ಬಂಡೆ, ನೀರಿನ ತೊಟ್ಟಿ, ಹತ್ತಲು ಮರದ ದಿಮ್ಮಿ, ಎಲ್ಲಾ ಇತ್ತು. ಕರಡಿ ಮಾತ್ರ ಹಿಂಬದಿಯ ಕಬ್ಬಿಣದ ಬಾಗಿಲಿಗೆ ಮೂತಿ ಒತ್ತಿಕೊಂಡು ಕೂತಿತ್ತು. ನಡುವೆ ಒಮ್ಮೆ ಎದ್ದು ನೀರು ಕುಡಿಯಿತು, ಮತ್ತೆ ಅಲ್ಲಿಗೇ ಹೋಯಿತು. ಆ ಬಾಗಿಲ ಮುಂದಿನ ನೆಲ ಸವೆದು ನುಣ್ಣಗಾಗಿತ್ತು.

ಈಗ ನನ್ನ ಪ್ರಶ್ನೆ. ನಮ್ಮ ಗೈಡ್ ಪ್ರಶಸ್ತಿ ಪಡೆದ ಮೂರು ಆವರಣಗಳನ್ನು ಕೇಸ್ ಸ್ಟಡಿ ಮಾಡಿ ಎಂದಿದ್ದಾರೆ. ಹೊರದೇಶಗಳಲ್ಲಿ ಮೃಗಾಲಯದ ಆವರಣಗಳಿಗೇ ಅಂತ ಪ್ರಶಸ್ತಿಗಳಿವೆಯಲ್ಲ, ಅವನ್ನು ಹೇಗೆ ಆರಿಸುತ್ತಾರೆ? ತೀರ್ಪುಗಾರರು ಆ ಹಿಂದಿನ ಬಾಗಿಲ ಹತ್ತಿರ ಹೋಗುತ್ತಾರಾ? ಇಲ್ಲಾ ನನ್ನ ಜ್ಯೂರಿ ಥರ ಗ್ಯಾಲರಿಯಿಂದಲೇ ನೋಡುತ್ತಾರಾ? ಇದರಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

---

ಹಳೇ ಡ್ರಾಯಿಂಗ್ ಬೋರ್ಡ್

ಪ್ರಶ್ನೆ ಓದಿ ತುಂಬಾ ಸಂತೋಷವಾಯಿತು. ಹದಿನಾಲ್ಕು ವರ್ಷ ಒಂದು ಲ್ಯಾಂಡ್‌ಸ್ಕೇಪ್ ಆಫೀಸಿನಲ್ಲಿದ್ದೆ. ಎರಡು ಪ್ರಾಣಿ ಆವರಣಗಳಿಗೆ ನಕ್ಷೆ ಬರೆದಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಹೆಚ್ಚು ಹೆಸರಾಗಿರುವುದು ಅಮೆರಿಕದ ಮೃಗಾಲಯಗಳ ಸಂಘ ಎಝಡ್‌ಎ ಕೊಡುವ ಎಕ್ಸಿಬಿಟ್ ಅವಾರ್ಡ್. ಬ್ರಿಟನ್ನಿನಲ್ಲಿ ಬಿಯಾಝಾ ಅಂತ ಇಂಥದ್ದೇ ಸಂಘ ಇದೆ, ಅವರೂ ಪ್ರತಿ ವರ್ಷ ಪ್ರಶಸ್ತಿ ಕೊಡುತ್ತಾರೆ. ಎರಡೂ ಕಡೆ ಕ್ರಮ ಹೆಚ್ಚುಕಡಿಮೆ ಒಂದೇ. ಮೃಗಾಲಯವೇ ತನ್ನ ಆವರಣದ ಬಗ್ಗೆ ಅರ್ಜಿ ಬರೆಯುತ್ತದೆ. ನಕ್ಷೆ, ಫೋಟೋ, ಖರ್ಚು, ಪ್ರಾಣಿಗೆ ಏನು ಅನುಕೂಲ ಮಾಡಿದ್ದಾರೆ, ಜನಕ್ಕೆ ಏನು ತಿಳಿಸುತ್ತಾರೆ, ಕಾಡಿನಲ್ಲಿರುವ ಅದೇ ಪ್ರಾಣಿಯನ್ನು ಉಳಿಸಲು ಏನು ಮಾಡುತ್ತಿದ್ದಾರೆ, ಇವೆಲ್ಲ ಅದರಲ್ಲಿರುತ್ತವೆ. ಬೇರೆ ಮೃಗಾಲಯಗಳಲ್ಲಿ ಇದೇ ಕೆಲಸ ಮಾಡುವವರು ಓದಿ ಅಂಕ ಹಾಕುತ್ತಾರೆ.

ನೋಡಿ, ಇಲ್ಲೇ ನಿಮ್ಮ ಪ್ರಶ್ನೆ ಸರಿಯಾಗಿ ತಾಗುತ್ತದೆ. ಅದೇ ಎಝಡ್‌ಎ ಮೃಗಾಲಯಗಳಿಗೆ ಮಾನ್ಯತೆ ಕೊಡುವಾಗ ಐದು ವರ್ಷಕ್ಕೊಮ್ಮೆ ತಂಡ ಕಳಿಸುತ್ತದೆ. ಆ ತಂಡದವರು ಅಡುಗೆಕೋಣೆ, ಆಸ್ಪತ್ರೆ, ಪ್ರಾಣಿಗಳ ಕೋಣೆ ಎಲ್ಲ ಹೊಕ್ಕು ನೋಡುತ್ತಾರೆ. ಪ್ರಶಸ್ತಿಗೆ ಮಾತ್ರ, ನನಗೆ ಗೊತ್ತಿರುವ ಮಟ್ಟಿಗೆ, ಹೆಚ್ಚಾಗಿ ಕಾಗದವೇ ಮಾತಾಡಬೇಕು. ಕಾಗದದಲ್ಲಿ ಚೆನ್ನಾಗಿ ಕಾಣುವುದು ಗ್ಯಾಲರಿಯಿಂದ ತೆಗೆದ ಫೋಟೋ ಅಲ್ವಾ?

ಹಾಗಂತ ಗೆದ್ದವರೆಲ್ಲ ಬರೀ ಫೋಟೋದಿಂದ ಗೆದ್ದರು ಎನ್ನಲಾರೆ. ನಿಮ್ಮ ಮೂರು ಕೇಸ್ ಸ್ಟಡಿಯಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಕಾಂಗೋ ಗೊರಿಲ್ಲಾ ಫಾರೆಸ್ಟ್ ಇರಲಿ. 1999ರಲ್ಲಿ ತೆರೆದದ್ದು, ಆರೂವರೆ ಎಕರೆ. ಎಝಡ್‌ಎ ಪ್ರಶಸ್ತಿ ಪಡೆದದ್ದು. ಅದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಒಳಗೆ ಹೋಗಲು ಬೇರೆ ಟಿಕೆಟ್ ಇಟ್ಟರು. ಆ ದುಡ್ಡು ಆಫ್ರಿಕಾದ ಯಾವ ಕಾಡಿನ ಕೆಲಸಕ್ಕೆ ಹೋಗಬೇಕು ಎಂದು ಕೊನೆಯಲ್ಲಿ ಜನರೇ ಆರಿಸುವ ಹಾಗೆ ಮಾಡಿದರು. ಗಾಜಿನಾಚೆ ಗೊರಿಲ್ಲಾ ಮುಖ ನೋಡಿ ಬಂದವನ ಕೈಗೆ ಆಗಲೇ ಒಂದು ಕೆಲಸ ಸಿಗುತ್ತದೆ. ಇದು ನಕ್ಷೆಯಲ್ಲೇ ಯೋಚನೆ ಮಾಡಿದ್ದು, ಆಮೇಲೆ ಬೋರ್ಡ್ ನೆಟ್ಟು ಸೇರಿಸಿದ್ದಲ್ಲ.

ಎರಡನೆಯದಾಗಿ ಸಿಯಾಟಲ್‌ನ ವುಡ್‌ಲ್ಯಾಂಡ್ ಪಾರ್ಕ್ ನೋಡಿ. ಜನರನ್ನೂ ಪ್ರಾಣಿಯನ್ನೂ ಒಂದೇ ಕಾಡಿನೊಳಗೆ ಇಟ್ಟ ಹಾಗೆ ಮಾಡುವ ಪದ್ಧತಿ ಗಟ್ಟಿಯಾಗಿ ಶುರುವಾದದ್ದು 1970ರ ದಶಕದ ಕೊನೆಗೆ ಅಲ್ಲಿನ ಗೊರಿಲ್ಲಾ ಆವರಣದಿಂದ. ಜೋನ್ಸ್ ಅಂಡ್ ಜೋನ್ಸ್ ಎನ್ನುವ ಆಫೀಸು ಮಾಡಿದ್ದು. ಆಮೇಲೆ ಜಗತ್ತೆಲ್ಲ ಅದನ್ನು ನಕಲು ಮಾಡಿತು. ನಕಲು ಮಾಡುವಾಗ ಹಸಿರನ್ನಷ್ಟೇ ಎತ್ತಿಕೊಂಡವರು ಜಾಸ್ತಿ. ಮುಂದೆ ನಿಂತರೆ ದಟ್ಟ ಕಾಡು, ಒಳಗೆ ನೋಡಿದರೆ ಪ್ರಾಣಿ ತೊಗಟೆ ಕಿತ್ತೀತು ಎಂದು ಒಂದೊಂದು ಮರಕ್ಕೂ ಕರೆಂಟ್ ತಂತಿ. ನಮಗೆ ಕಾಡು, ಅದಕ್ಕೆ ಮುಟ್ಟಲಾಗದ ಮರ.

ಮೂರನೆಯದಾಗಿ ಒಂದು ಎಡವಟ್ಟು ಓದಿ. ಲಂಡನ್ ಮೃಗಾಲಯದ ಪೆಂಗ್ವಿನ್ ಕೊಳ. 1934ರಲ್ಲಿ ಆರ್ಕಿಟೆಕ್ಟ್ ಲುಬೆಟ್ಕಿನ್ ಅವರ ಟೆಕ್ಟನ್ ತಂಡ ಕಟ್ಟಿದ್ದು. ಒಂದರ ಮೇಲೊಂದು ಸುತ್ತಿಕೊಂಡು ಇಳಿಯುವ ಎರಡು ಕಾಂಕ್ರೀಟ್ ಇಳಿಜಾರು. ನಾವೆಲ್ಲ ಕಾಲೇಜಿನಲ್ಲಿ ಅದರ ಚಿತ್ರ ನೋಡಿ ಬೆರಗಾದವರೇ. ಬ್ರಿಟನ್ ಅದನ್ನು ಮೊದಲ ದರ್ಜೆಯ ಸಂರಕ್ಷಿತ ಕಟ್ಟಡದ ಪಟ್ಟಿಯಲ್ಲಿ ಇಟ್ಟಿದೆ. ಆ ಕಾಂಕ್ರೀಟಿನ ಮೇಲೆ ನಡೆದೂ ನಡೆದೂ ಪೆಂಗ್ವಿನ್‌ಗಳ ಪಾದಕ್ಕೆ ಗಾಯ, ಸೋಂಕು. 2004ರಲ್ಲಿ ಅವನ್ನು ಬೇರೆ ಕೊಳಕ್ಕೆ ಕಳಿಸಿದರು. ಕಟ್ಟಡ ಉಳಿಯಿತು, ಪೆಂಗ್ವಿನ್ ಹೋದವು.

ನಮ್ಮ ಕೆಲಸದಲ್ಲಿ ಒಂದು ಮಾತಿದೆ. ಆವರಣಕ್ಕೆ ಮೂರು ಜನ ವಾರಸುದಾರರು: ಪ್ರಾಣಿ, ಅದನ್ನು ನೋಡಿಕೊಳ್ಳುವ ಕೀಪರ್, ನೋಡಲು ಬಂದವರು. ನಾನೇ ಇದನ್ನು ಮರೆತು ಕೆಟ್ಟವನು. ನಾನು ನಕ್ಷೆ ಬರೆದ ಒಂದು ಚಿರತೆ ಆವರಣದ ಉದ್ಘಾಟನೆಯಾಗಿ ಮೂರು ತಿಂಗಳಿಗೆ ನೋಡಲು ಹೋದೆ. ಕೀಪರ್ ನನ್ನನ್ನು ಹಿಂದೆ ಕರೆದುಕೊಂಡು ಹೋಗಿ, ಏನೂ ಹೇಳದೆ, ಸ್ಲೈಡಿಂಗ್ ಗೇಟಿನ ಹಿಡಿ ಹಿಡಿದು ನಿಂತರು. ಅಲ್ಲಿ ನಿಂತರೆ ಗೇಟಿನಾಚೆ ಪ್ರಾಣಿ ಎಲ್ಲಿದೆ ಎಂದು ಕಾಣುತ್ತಲೇ ಇರಲಿಲ್ಲ. ಅಡ್ಡಕ್ಕೆ ನಾನು ಬರೆದ ಗೋಡೆ. ಪ್ರತಿ ದಿನ ಎರಡು ಸಲ ಅವರು ಮಣ್ಣಿನಲ್ಲಿ ಮಂಡಿಯೂರಿ, ಗೇಟಿನ ಕೆಳಗಿನ ಸಂದಿಯಲ್ಲಿ ಪಂಜ ಕಾಣುತ್ತಾ ಎಂದು ನೋಡಿ ಎಳೆಯಬೇಕಿತ್ತು. ಅವರ ಪ್ಯಾಂಟಿನ ಮಂಡಿ ಹತ್ತಿರ ಬಣ್ಣ ಹೋಗಿತ್ತು. ಆ ಗೋಡೆಯಲ್ಲಿ ಕಿಂಡಿ ಕೊರೆಸಿ ಜಾಲರಿ ಹಾಕಿಸುವವರೆಗೆ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನನ್ನ ಕೈಯಲ್ಲಿ ಪ್ರಶಸ್ತಿ ಇದ್ದಿದ್ದರೆ ಆವರಣ ತೆರೆದು ಒಂದು ವರ್ಷ ಆಗುವವರೆಗೆ ಅರ್ಜಿ ತೆಗೆದುಕೊಳ್ಳುತ್ತಿರಲಿಲ್ಲ. ಆಮೇಲೂ ಮೊದಲು ಕೇಳುತ್ತಿದ್ದದ್ದು ಒಂದೇ, ಪ್ರಾಣಿ ಜಾಗವನ್ನು ಹೇಗೆ ಬಳಸುತ್ತಿದೆ? ಅದನ್ನು ಅಳೆಯಲು ದಾರಿ ಇದೆ. ಆವರಣವನ್ನು ಭಾಗ ಮಾಡಿಕೊಂಡು, ಇಷ್ಟಿಷ್ಟು ನಿಮಿಷಕ್ಕೊಮ್ಮೆ ಪ್ರಾಣಿ ಯಾವ ಭಾಗದಲ್ಲಿದೆ ಎಂದು ಗುರುತು ಹಾಕುತ್ತಾ ಹೋಗುವುದು. ಕೊನೆಗೆ ಒಂದು ಲೆಕ್ಕ ಸಿಗುತ್ತದೆ. ಸೊನ್ನೆ ಬಂದರೆ ಎಲ್ಲ ಭಾಗವನ್ನೂ ಸಮನಾಗಿ ಬಳಸುತ್ತಿದೆ, ಒಂದು ಬಂದರೆ ಒಂದೇ ಮೂಲೆ ಹಿಡಿದಿದೆ. ಸ್ಪ್ರೆಡ್ ಆಫ್ ಪಾರ್ಟಿಸಿಪೇಷನ್ ಇಂಡೆಕ್ಸ್ ಎನ್ನುತ್ತಾರೆ. ಭಾಗಗಳು ಬೇರೆ ಬೇರೆ ಅಳತೆ ಇದ್ದರೂ ಬಳಸುವ ಹಾಗೆ 2003ರಲ್ಲಿ ಪ್ಲೌಮನ್ ಎನ್ನುವ ಸಂಶೋಧಕಿ ಅದನ್ನು ತಿದ್ದಿದರು. ಖರ್ಚು ಏನೂ ಇಲ್ಲ, ಒಂದು ಪೆನ್ಸಿಲ್ಲು, ಒಂದು ವಾಚು ಸಾಕು. ನೀವು ಭಾನುವಾರ ಒಂದೂವರೆ ಗಂಟೆ ನಿಂತು ಮಾಡಿದ್ದು ಅರ್ಧ ಇದೇ.

---

ಕೆಂಗೇರಿ ಕಡೆಯವಳು

ಹಳೇ ಡ್ರಾಯಿಂಗ್ ಬೋರ್ಡ್ ಸರ್, ಗೇಟಿನ ಕಥೆ ಓದಿ ಅಪ್ಪ ನೆನಪಾದರು. ಅಪ್ಪ ಕೀಪರ್ ಆಗಿದ್ದರು, ಕರಡಿ ವಿಭಾಗದಲ್ಲೇ ತುಂಬಾ ವರ್ಷ. ಯಾವ ಊರು ಎಂದು ಬರೆಯುವುದಿಲ್ಲ.

ಬಸವನಗುಡಿ ಹುಡುಗಿ, ಆ ಬೂದು ಚೌಕದ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ಅಪ್ಪ ಸಂಜೆ ಐದಕ್ಕೆ ಕರಡಿಗಳನ್ನು ಒಳಗೆ ಬಿಡುತ್ತಿದ್ದರು. ಬೆಳಿಗ್ಗೆ ಆವರಣ ಗುಡಿಸಿ, ನೀರು ಬದಲಿಸಿ, ಬೇಲಿ ಸುತ್ತ ಒಂದು ಸುತ್ತು ಹಾಕಿ ಹೊರಗೆ ಬಿಡುವ ಹೊತ್ತಿಗೆ ಒಂಬತ್ತು. ಅಂದರೆ ದಿನಕ್ಕೆ ಹದಿನಾರು ಗಂಟೆ ಕರಡಿ ಇದ್ದದ್ದು ಆ ಕೋಣೆಯಲ್ಲಿ. ಶಾಲೆಗೆ ರಜೆ ಇದ್ದ ದಿನ ಹೋಗಿ ನೋಡಿದ್ದೇನೆ. ಸಿಮೆಂಟ್ ನೆಲ, ಒಂದು ಮರದ ಹಲಗೆ. ಫಿನಾಯಿಲ್ ವಾಸನೆ ಮೂಗಿಗೆ ರಪ್ಪನೆ ಹೊಡೆಯುತ್ತಿತ್ತು. ಮೂಗಿನಲ್ಲೇ ಬದುಕುವ ಪ್ರಾಣಿಗೆ ಅದು ಹೇಗಿರುತ್ತಿತ್ತೋ ಎಂದು ಈಗ ಅನಿಸುತ್ತದೆ.

ಅಪ್ಪ ತಾವೇ ಒಂದು ಉಪಾಯ ಮಾಡಿದ್ದರು. ಒಣಗಿದ ಮರದ ತುಂಡಿಗೆ ಡ್ರಿಲ್‌ನಲ್ಲಿ ಅಲ್ಲಲ್ಲಿ ತೂತು ಕೊರೆದು, ಒಳಗೆ ಜೇನು ಹಚ್ಚಿ, ಮೇಲೆ ರಾಗಿ ಗಂಜಿ ಮೆತ್ತಿ ರಾತ್ರಿ ಒಳಗಿಡುತ್ತಿದ್ದರು. ನಮ್ಮ ಕರಡಿಗೆ ಮುಂದಿನ ಮೇಲ್ದವಡೆಯಲ್ಲಿ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದ ತುಟಿ ಚೂಪು ಮಾಡಿ ಹೀರುತ್ತದೆ. ಆ ಸದ್ದು ಕೇಳಿಯೇ ಗೊತ್ತಾಗಬೇಕು, ಕೊಳವೆಯಲ್ಲಿ ನೀರು ಮುಗಿಯುವಾಗ ಬರುವ ಹಾಗೆ, ಆದರೆ ಎಷ್ಟೋ ಜೋರು. ಹೊರಗಿನ ದಾರಿಯವರೆಗೂ ಕೇಳಿಸುತ್ತಿತ್ತು. ಅಪ್ಪ ಸೈಕಲ್ ನಿಲ್ಲಿಸಿ, ಅದನ್ನು ಕೇಳಿ ಆಮೇಲೆ ಮನೆಗೆ ಹೊರಡುತ್ತಿದ್ದರು.

ಕೇಂದ್ರ ಮೃಗಾಲಯ ಪ್ರಾಧಿಕಾರ 'ಪ್ರಾಣಿ ಮಿತ್ರ' ಪ್ರಶಸ್ತಿ ಶುರು ಮಾಡಿದಾಗ ಅದರಲ್ಲಿ ನಿರ್ದೇಶಕರು, ವೈದ್ಯರ ಜೊತೆಗೆ ಪ್ರಾಣಿಪಾಲಕರಿಗೂ ಒಂದು ವಿಭಾಗ ಇಟ್ಟಿದ್ದು ನೋಡಿ ಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ಅಪ್ಪ ಅಷ್ಟು ಹೊತ್ತಿಗೆ ಇರಲಿಲ್ಲ. ಆವರಣಕ್ಕೆ ಬಹುಮಾನ ಕೊಡುವ ಸಮಿತಿಯಲ್ಲೂ ಒಬ್ಬ ಕೀಪರ್ ಕೂರಬೇಕು. ಅವರಿಗೆ ಹಿಂದಿನ ಬಾಗಿಲು ತೋರಿಸಿ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ, ಅವರು ಮೊದಲು ಹೋಗುವುದೇ ಅಲ್ಲಿಗೆ.

---

ಗಿರಿನಗರ ಪಶುವೈದ್ಯ

ಎರಡು ಮಾತು ಸೇರಿಸುತ್ತೇನೆ.

ಜನರನ್ನು ತೀರಾ ಬದಿಗೆ ಸರಿಸಬೇಡಿ. 2020ರಲ್ಲಿ ಲಾಕ್‌ಡೌನ್ ಆಗಿ ಮೃಗಾಲಯಗಳು ಮುಚ್ಚಿದಾಗ ಮೈಸೂರು ಮೃಗಾಲಯಕ್ಕೆ ಪ್ರಾಣಿಗಳ ಮೇವಿಗೆ ದಾನ ಎತ್ತಬೇಕಾಯಿತು. ಟಿಕೆಟ್ ದುಡ್ಡಿನಲ್ಲೇ ಅದು ನಡೆಯುವುದು. ಜನ ಬಂದು, ನಿಂತು, ನೋಡಿ ಮನಸ್ಸು ಕರಗಿದರೆ ಅದರಿಂದ ಪ್ರಾಣಿಗೂ ಒಳ್ಳೆಯದು. ಗ್ಯಾಲರಿ ಚೆನ್ನಾಗಿರುವುದು ತಪ್ಪಲ್ಲ.

ಇನ್ನೊಂದು, ನಮ್ಮಲ್ಲಿ ಮೌಲ್ಯಮಾಪನ ಇಡೀ ಮೃಗಾಲಯಕ್ಕೆ ನಡೆದಿದೆ. 2022ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಪ್ರಕಟಿಸಿದ ಪಟ್ಟಿಯಲ್ಲಿ ಡಾರ್ಜಿಲಿಂಗ್ ಮೊದಲು, ಚೆನ್ನೈನ ವಂಡಲೂರು ಎರಡನೆಯದು, ನಮ್ಮ ಮೈಸೂರು ಮೂರನೆಯದು. ಡಾರ್ಜಿಲಿಂಗ್ ದೊಡ್ಡ ಮೃಗಾಲಯವಲ್ಲ. ಆದರೆ ಕೆಂಪು ಪಾಂಡಾ, ಹಿಮ ಚಿರತೆ ಅಂಥ ಆ ಬೆಟ್ಟದ ಚಳಿಗೇ ಒಗ್ಗಿದ ಪ್ರಾಣಿಗಳನ್ನು ಅಲ್ಲೇ ಸಾಕಿ ಬೆಳೆಸುತ್ತಾರೆ. ಯಾವ ಪ್ರಾಣಿ ಎಲ್ಲಿ ಇರಬೇಕು ಎನ್ನುವುದೇ ಮೊದಲ ವಿನ್ಯಾಸ. 2003ರಲ್ಲಿ ಕ್ಲಬ್ ಮತ್ತು ಮೇಸನ್ ಎಂಬ ಇಬ್ಬರು ನೇಚರ್ ಪತ್ರಿಕೆಯಲ್ಲಿ ತೋರಿಸಿದ್ದೂ ಇದಕ್ಕೆ ಹತ್ತಿರದ್ದೇ. ಕಾಡಿನಲ್ಲಿ ದೂರದೂರ ಅಲೆಯುವ ಮಾಂಸಾಹಾರಿಗಳೇ ಮೃಗಾಲಯದಲ್ಲಿ ಜಾಸ್ತಿ ಅತ್ತಿಂದಿತ್ತ ಒಂದೇ ಸಮ ನಡೆಯುತ್ತವೆ, ಅವುಗಳ ಮರಿಗಳೂ ಜಾಸ್ತಿ ಸಾಯುತ್ತವೆ. ಹಿಮಕರಡಿ ಅದರಲ್ಲಿ ಮುಂದೆ.

ನಿಮಗೆ ಒಂದು ಪ್ರಶ್ನೆ. ನಿಮ್ಮ ಆವರಣ ಯಾವ ಕರಡಿಗೆ? ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರದಲ್ಲಿ ಇರುವ ಎಷ್ಟೋ ಕರಡಿಗಳು ಕುಣಿಸುವವರಿಂದ ಬಿಡಿಸಿ ತಂದವು. ಕುಣಿಸುವವರಿಂದ 2009ರಲ್ಲಿ ಕೊನೆಯದಾಗಿ ಬಿಡಿಸಿದ ರಾಜು ಎಂಬ ಕರಡಿಯೂ ಅಲ್ಲಿಗೇ ಬಂದದ್ದು. ಮೂತಿ ಚುಚ್ಚಿ ಹಗ್ಗ ಹಾಕಿ, ಕೋರೆಹಲ್ಲು ಕಿತ್ತಿರುವ ಕರಡಿಗೆ ಗಟ್ಟಿ ದಿಮ್ಮಿ ಸೀಳು ಎಂದರೆ ಅದೇನು ಸೀಳೀತು? ಹಗ್ಗದ ಭಯದಿಂದ ಬಂದ ಪ್ರಾಣಿಗೆ ಜನರ ಕಣ್ಣು ತಪ್ಪಿಸಿ ಕೂರುವ ಜಾಗ ಮೊದಲು ಬೇಕು. ಅಂಥ ಜಾಗ ಕೊಟ್ಟರೆ ನಿಮ್ಮ ವ್ಯೂ ಸ್ವಲ್ಪ ಕೆಡುತ್ತದೆ. ಕೆಡಲಿ ಬಿಡಿ.

---

ಬಸವನಗುಡಿ ಹುಡುಗಿ

ನಿಮಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಕೆಂಗೇರಿ ಅಕ್ಕ, ನಿಮ್ಮ ಅಪ್ಪ ಸೈಕಲ್ ನಿಲ್ಲಿಸಿ ಕೇಳುತ್ತಿದ್ದದ್ದನ್ನು ಓದಿ ಅಜ್ಜಿಗೂ ಓದಿ ಹೇಳಿದೆ.

ಗೈಡ್ ಹತ್ತಿರ ಮಾತಾಡಿದೆ. ಮೂರನೇ ಕೇಸ್ ಸ್ಟಡಿಯಾಗಿ ಪೆಂಗ್ವಿನ್ ಕೊಳ ತೆಗೆದುಕೊಳ್ಳಲು ಒಪ್ಪಿದರು. ಡಾಕ್ಟರ್, ನೀವು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಬರೀ 'ಕರಡಿ' ಎಂದು ಬರೆದಿದ್ದೆ. ಈಗ ಬಿಡಿಸಿ ತಂದ, ವಯಸ್ಸಾದ ಎರಡು ಕರಡಿಗಳಿಗೆ ಅಂತ ಬದಲಿಸಿದ್ದೇನೆ. ಎತ್ತರದ ದಿಮ್ಮಿ ತೆಗೆದೆ. ಗ್ಯಾಲರಿ ಮುಂದಿದ್ದ ಬಂಡೆಯನ್ನು ತಿರುಗಿಸಿ, ಅದರ ಹಿಂದೆ ನೆರಳಿನ ಒಂದು ತಗ್ಗು ಮಾಡಿದ್ದೇನೆ. ಅಲ್ಲಿ ಕೂತರೆ ಯಾರಿಗೂ ಕಾಣುವುದಿಲ್ಲ.

ಬೂದು ಚೌಕವನ್ನು ಮೊದಲ ಶೀಟಿಗೆ ತಂದೆ, ಒಂದಕ್ಕೆ ಇಪ್ಪತ್ತರ ಅಳತೆಯಲ್ಲಿ. ನೆಲಕ್ಕೆ ಅರ್ಧ ಭಾಗ ಮಣ್ಣು ಮತ್ತು ಒಣ ಎಲೆ. ತೂತಿನ ಮರದ ತುಂಡು ಗೋಡೆಗೇ ಸೇರುವ ಹಾಗೆ, ಹೊರಗಿನಿಂದ ಕೀಪರ್ ಜೇನು ತುಂಬಬಹುದು. ಗೇಟಿನ ಹಿಡಿ ಹಿಡಿದು ನಿಂತವರಿಗೆ ಎರಡೂ ಕಡೆ ಕಾಣುವಂತೆ ಜಾಲರಿ. ಹಳೇ ಡ್ರಾಯಿಂಗ್ ಬೋರ್ಡ್ ಸರ್, ನಿಮ್ಮ ಆ ಕಿಂಡಿ ನೆಲದಿಂದ ಎಷ್ಟು ಎತ್ತರಕ್ಕೆ ಇತ್ತು? ನಾನು ಐದಡಿಗೆ ಇಟ್ಟಿದ್ದೇನೆ, ಗಿಡ್ಡ ಇರುವ ಕೀಪರ್‌ಗೆ ಕಷ್ಟವಾಗುತ್ತಾ ಎಂದು ಯೋಚನೆ.

ಬನ್ನೇರುಘಟ್ಟಕ್ಕೆ ಮಂಗಳವಾರ ರಜೆ, ಆದ್ದರಿಂದ ಬುಧವಾರ ಬೆಳಿಗ್ಗೆ ಹೋಗುತ್ತೇನೆ. ಆವರಣದ ನಕ್ಷೆ ಬರೆದು ಎಂಟು ಭಾಗ ಮಾಡಿಕೊಂಡಿದ್ದೇನೆ. ಐದು ನಿಮಿಷಕ್ಕೊಂದು ಗುರುತು ಹಾಕುತ್ತೇನೆ. ತಮ್ಮನ ವಾಚು ಕೇಳಿ ಇಟ್ಟುಕೊಂಡಿದ್ದೇನೆ, ಪೆನ್ಸಿಲ್ ಎರಡು. ಲೆಕ್ಕ ಎಷ್ಟು ಬಂತು ಎಂದು ಗುರುವಾರ ಇಲ್ಲೇ ಹಾಕುತ್ತೇನೆ.