ಬಚ್ಚಲು ಕಿಟಕಿಯ ಹೊಗೆ ಯಾರದು?

(ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ನಡುವೆ ಬಂದ ಶುಭೋದಯದ ಹೂವುಗಳನ್ನು ಮತ್ತು ಕೈಮುಗಿದ ಚಿತ್ರಗಳನ್ನು ತೆಗೆದುಹಾಕಿದ್ದೇನೆ.)

ಅಕ್ಕ, ವಿದ್ಯಾನಗರ: ನಮ್ಮ ಅಪಾರ್ಟ್‌ಮೆಂಟ್ ಸಂಘದ ಸೂಚನೆ ಹಾಕಿದ್ದೇನೆ, ಓದಿ. "ಮೆಟ್ಟಿಲು, ಲಿಫ್ಟ್, ಪಾರ್ಕಿಂಗ್, ತಾರಸಿ, ಬಾಲ್ಕನಿ ಹಾಗೂ ಬಚ್ಚಲುಮನೆಗಳಲ್ಲಿ ಧೂಮಪಾನ ನಿಷೇಧಿಸಲಾಗಿದೆ. ತಪ್ಪಿದಲ್ಲಿ 500 ರೂಪಾಯಿ ದಂಡ. ಉಸ್ತುವಾರಿ: ವಾಚ್‌ಮನ್." ಭಾನುವಾರ ಸಭೆಯಲ್ಲಿ ಮತಕ್ಕೆ ಹಾಕುತ್ತಾರೆ. ನಾನಂತೂ ಪರವಾಗಿ ಕೈ ಎತ್ತುವವಳು.

ಕಾಕಾ, ಗೋಕುಲ ರಸ್ತೆ: ಬಚ್ಚಲಿಗೂ ಬಂದರೇ? ಸಾಲ ಮಾಡಿ ಮನೆ ಕೊಂಡವರು ನಾವು, ಕಂತು ಕಟ್ಟುವವರು ನಾವು. ಕದ ಹಾಕಿಕೊಂಡ ಮೇಲೆ ಒಳಗೆ ಏನು ಮಾಡಬೇಕೆಂದು ಹೇಳಲು ಸಂಘ ಯಾರು? ನಮ್ಮ ಕಟ್ಟಡದಲ್ಲಿಯೂ ಇಂಥದ್ದೇ ಮಾತು ಶುರುವಾಗಿದೆ. ನಾನು ಹೋಗಿ ಜಗಳ ತೆಗೆಯುವವನೇ.

ಮಾಮಾ, ಹಾವೇರಿ: ನನ್ನದೂ ಅದೇ ಪ್ರಶ್ನೆ. ನಮ್ಮ ಅಡುಗೆಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಹುರಿಯಲು ಇಟ್ಟರೆ ಅಕ್ಕಪಕ್ಕದವರೆಲ್ಲ ಸೀನುತ್ತಾರೆ. ಅದಕ್ಕೂ 500 ರೂಪಾಯಿಯೇ?

ಅಕ್ಕ: ಮಾಮಾ, ಖಾರದ ಪುಡಿಗೆ ವರ್ಷಕ್ಕೊಮ್ಮೆ ಹುರಿಯುತ್ತೀರಿ. ನಮ್ಮ ಕೆಳಗಿನ ಮನೆಯವರು ಬೆಳಿಗ್ಗೆ ಚಹಾ ಕುಡಿದ ಕೂಡಲೇ ಶುರು ಮಾಡುತ್ತಾರೆ, ರಾತ್ರಿ ಊಟವಾದ ಮೇಲೆ ಮುಗಿಸುತ್ತಾರೆ. ಒಣಗಲು ಹಾಕಿದ ಟವೆಲಿಗೂ ಅದೇ ವಾಸನೆ. ಮಗನಿಗೆ ಮೊದಲೇ ದಮ್ಮಿನ ಕಾಯಿಲೆ.

ನಾನು, ಧಾರವಾಡ: ಅಕ್ಕಾ, ನಿಮ್ಮ ಸೂಚನೆಯಲ್ಲಿ ಎರಡು ಬೇರೆ ಸಂಗತಿಗಳನ್ನು ಒಂದೇ ಸಾಲಿನಲ್ಲಿ ತುರುಕಿದ್ದಾರೆ. ಮೆಟ್ಟಿಲು, ಲಿಫ್ಟ್‌ಗೆ ಸಂಘದ ಮತವೇ ಬೇಕಾಗಿಲ್ಲ. 2003ರ ತಂಬಾಕು ಕಾಯ್ದೆಯ ಪ್ರಕಾರ ಸಾರ್ವಜನಿಕರು ಬಂದುಹೋಗುವ ಜಾಗದಲ್ಲಿ ಸೇದುವಂತಿಲ್ಲ. 2008ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮಗಳಂತೆ ಅಂಥ ಕಟ್ಟಡದಲ್ಲಿ ಪ್ರತಿ ಮಹಡಿ, ಮೆಟ್ಟಿಲು, ಲಿಫ್ಟ್ ಬಾಗಿಲ ಬಳಿ ಫಲಕ ಇರಬೇಕು. ಹಾಲಿನವನು, ಕೊರಿಯರ್‌ನವನು, ಗ್ಯಾಸ್ ಸಿಲಿಂಡರ್‌ನವನು ದಿನವೂ ಹತ್ತಿಳಿಯುವ ಮೆಟ್ಟಿಲು ಸಾರ್ವಜನಿಕವಲ್ಲ ಎಂದು ಯಾರೂ ಹೇಳಲಾರರು ಎಂಬುದು ನನ್ನ ವಾದ. ದಂಡವೂ ಮೊದಲಿನ 200 ರೂಪಾಯಿ ಅಲ್ಲ. ನಮ್ಮ ರಾಜ್ಯದ ತಿದ್ದುಪಡಿ 2025ರಲ್ಲಿ ಅದನ್ನು 1,000ಕ್ಕೆ ಏರಿಸಿದೆ.

ಬಚ್ಚಲಿನ ಮಾತು ಬೇರೆ. ಅಲ್ಲಿ ಈ ಕಾಯ್ದೆ ಕಾಲಿಡುವುದಿಲ್ಲ. ಆದರೆ ಹೊಗೆ ಕಾಲಿಡುತ್ತದೆ.

ಕಾಕಾ: ನೋಡು, ನೀನೇ ಹೇಳಿದೆ. ಕಾಯ್ದೆಯಲ್ಲಿ ಇಲ್ಲ. ಮುಗಿಯಿತು.

ತಮ್ಮ, ಕ್ಯಾಲಿಫೋರ್ನಿಯಾ: ಕಾಕಾ, ಇಲ್ಲಿ ಅದು ಮುಗಿಯಲಿಲ್ಲ. ಬೆಲ್ಮಾಂಟ್ ಎಂಬ ಸಣ್ಣ ಊರಿನಲ್ಲಿ ವಯಸ್ಸಾದವರ ವಸತಿಯೊಂದರ ನಿವಾಸಿಗಳು ಪಕ್ಕದ ಮನೆಯ ಹೊಗೆ ತಾಳಲಾರದೆ ನಗರಸಭೆಗೆ ಹೋದರು. 2007ರಲ್ಲಿ ಊರೇ ಕಾನೂನು ಮಾಡಿತು: ನೆಲವೋ ಸೂರೋ ಇನ್ನೊಂದು ಮನೆಯೊಂದಿಗೆ ಹಂಚಿಕೊಂಡಿದ್ದರೆ ಮನೆಯೊಳಗೂ ಸೇದುವಂತಿಲ್ಲ. ಬಿಡಿ ಮನೆಯವರಿಗೆ ಅಡ್ಡಿಯಿಲ್ಲ. ಆಮೇಲೆ ಇಲ್ಲಿನ ಕೇಂದ್ರ ಸರ್ಕಾರದ ನಿಯಮದಂತೆ 2018ರ ಜುಲೈ ಮುಗಿಯುವುದರೊಳಗೆ ದೇಶದ ಸಾರ್ವಜನಿಕ ವಸತಿ ಕಟ್ಟಡಗಳೆಲ್ಲ, ಅಂದರೆ ಬಡವರಿಗೆ ಬಾಡಿಗೆಗೆ ಕೊಡುವ ಸರ್ಕಾರಿ ಮನೆಗಳೆಲ್ಲ, ಹೊಗೆಮುಕ್ತವಾಗಬೇಕಾಯಿತು. ಕಟ್ಟಡದಿಂದ 25 ಅಡಿ ದೂರ ಹೋಗಿ ಸೇದಬೇಕು.

ಕಾಕಾ: ನಿನ್ನ ಅಮೆರಿಕದ 25 ಅಡಿ ನಮಗೆ ಬೇಡ. ನಮ್ಮ ಕಟ್ಟಡದಿಂದ 25 ಅಡಿ ಹೋದರೆ ಗೋಕುಲ ರಸ್ತೆಯ ನಡುವೆ ನಿಲ್ಲಬೇಕಾಗುತ್ತದೆ. ನಿಪ್ಪಾಣಿಯಲ್ಲಿ ತಂಬಾಕು ಬೆಳೆಯಬಹುದು, ಸರ್ಕಾರ ತೆರಿಗೆ ಎತ್ತಬಹುದು, ಕಟ್ಟಿದವನು ಮಾತ್ರ ಬಚ್ಚಲಿನಲ್ಲಿಯೂ ಸೇದಬಾರದು!

ಕಕ್ಕಿ, ಗೋಕುಲ ರಸ್ತೆ: ಬಚ್ಚಲಿಗೆ ಅಟ್ಟಿದವಳು ನಾನು. ಹಾಲ್‌ನಲ್ಲಿ ಸೇದಿದರೆ ಪರದೆಗೆಲ್ಲ ವಾಸನೆ ಹಿಡಿಯುತ್ತದೆ, ಮೊಮ್ಮಗ ಬೇರೆ ಇದ್ದಾನೆ.

ನಾನು: ಕಕ್ಕಿ ಹೇಳಿದ್ದರಲ್ಲಿಯೇ ಎಲ್ಲ ಇದೆ. ನಿಮ್ಮ ಮನೆಯಲ್ಲಿ ನಿಷೇಧ ಆಗಲೇ ಜಾರಿಯಲ್ಲಿದೆ ಕಾಕಾ. ನಿಮ್ಮ ಮೊಮ್ಮಗನಿಗೆ ತಪ್ಪಿದ ಹೊಗೆ ಮೇಲಿನ ಮನೆಯವರ ಮೊಮ್ಮಗನಿಗೆ ಹೋಗುತ್ತಿದೆ. ಬಚ್ಚಲು ಕಿಟಕಿಯ ಗಾಜಿನ ಪಟ್ಟಿ ಸರಿಸಿ ಕೆಳಗೆ ಬಗ್ಗಿ ನೋಡಿ. ಪೈಪುಗಳು ಇಳಿಯುವ ಆ ಡಕ್ಟ್‌ಗೆ ಎಲ್ಲ ಮಹಡಿಗಳ ಬಚ್ಚಲೂ ತೆರೆದುಕೊಂಡಿರುತ್ತದೆ. ಬಿಸಿ ಗಾಳಿ ಮೇಲೇರುತ್ತದೆ. ಮೇಲಿನವರು ಕಿಟಕಿಗಳನ್ನೆಲ್ಲ ಮುಚ್ಚಿ ಅಡುಗೆಮನೆಯ ಚಿಮಣಿ ಹಚ್ಚಿದರಂತೂ ಅದು ಮನೆಯ ಗಾಳಿಯನ್ನು ಹೊರಗೆಳೆಯುತ್ತದೆ. ಆ ಜಾಗ ತುಂಬಲು ಡಕ್ಟ್‌ನ ಗಾಳಿ ಬಚ್ಚಲು ಕಿಟಕಿಯಿಂದ ಒಳಗೆ ಬರುತ್ತದೆ. ಅವರ ಪಲ್ಯಕ್ಕೆ ನಿಮ್ಮ ಸಿಗರೇಟಿನ ಒಗ್ಗರಣೆ.

ಮಾಮಾ: ಹಾಗಾದರೆ ಎಕ್ಸಾಸ್ಟ್ ಫ್ಯಾನಿಗೆ ಒಂದು ಮುಚ್ಚಳ ಹಾಕಿಸಿದರಾಯಿತು. ಗಾಳಿ ಹಿಂದಕ್ಕೆ ಬಾರದಂತೆ ತಡೆಯುವುದು ಸಿಗುತ್ತದೆ. ಜಗಳ ಏಕೆ?

ನಾನು: ಹಾಕಿಸಲಿ, ಸ್ವಲ್ಪ ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ. ಅಮೆರಿಕ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ ಸರ್ಜನ್ ಜನರಲ್ ಅವರ 2006ರ ವರದಿ ಇದನ್ನೇ ಹೇಳಿತ್ತು: ಬೇರೆಯವರ ಹೊಗೆಯಲ್ಲಿ ಇಷ್ಟಾದರೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲ, ಗಾಳಿಯಾಡಿಸಿ ಅದನ್ನು ಪೂರ್ತಿ ಹೊರಹಾಕಲೂ ಆಗುವುದಿಲ್ಲ. ಆದ್ದರಿಂದ ಬಚ್ಚಲು, ಬಾಲ್ಕನಿಗೆ ಸಂಘದ ಬೈಲಾದಲ್ಲಿ ನಿಯಮ ಬೇಕು ಎಂದೇ ನಾನು ಹೇಳುವುದು. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಬಂದ ಕಟ್ಟಡವಾದರೆ ಮಾಲೀಕರೆಲ್ಲ ಬೈಲಾ ಪಾಲಿಸಲೇಬೇಕು. ಗೇಟಿಗೆ ಅಂಟಿಸಿದ ಚೀಟಿಗೆ ಆ ಬಲವಿಲ್ಲ.

ನನ್ನ ತಕರಾರು ವಾಚ್‌ಮನ್ ಬಗ್ಗೆ. ಸಂಬಳ ಕೊಡುವ ಮಾಲೀಕರ ಬಚ್ಚಲನ್ನು ಅವನು ಹೋಗಿ ಮೂಸಬೇಕೇ? ಅವನ ಕೈಗೆ ಸಿಗುವವರು ಎರಡನೇ ಮಹಡಿಯಲ್ಲಿ ಬಾಡಿಗೆಗಿರುವ ಕಾಲೇಜು ಹುಡುಗರು ಮಾತ್ರ. ಸಭೆಯಲ್ಲಿ ಅವರಿಗೆ ಮತವೂ ಇಲ್ಲ. ನಿಮ್ಮ ಸಂಘದವರು ಈ ಚೀಟಿ ಬರೆದದ್ದೇ ಆ ಹುಡುಗರಿಗಾಗಿ ಎಂಬ ಅನುಮಾನ ನನಗಿದೆ ಅಕ್ಕಾ.

ಅಕ್ಕ: ಅನುಮಾನ ಏಕೆ, ಕಾರ್ಯದರ್ಶಿಗಳು ಬಾಯಿಬಿಟ್ಟೇ ಹೇಳಿದರು. ಕೆಳಗಿನ ಮನೆಯವರು ಆ ಸಮಿತಿಯಲ್ಲಿಯೇ ಇದ್ದಾರೆ. ತಲೆಯಾಡಿಸುತ್ತ ಕುಳಿತಿದ್ದರು.

ಮಾಮಾ: ಭಲೆ.

ಅಕ್ಕ: ಸರಿ, ಭಾನುವಾರ ತಿದ್ದುಪಡಿ ಕೇಳುತ್ತೇನೆ. ವಾಚ್‌ಮನ್ ಬೇಡ, ದಂಡ ಬೇಡ. ಬಚ್ಚಲು, ಬಾಲ್ಕನಿ ವಿಷಯ ಬೈಲಾಗೆ ಸೇರಲಿ. ದೂರು ಬಂದರೆ ಸಮಿತಿಯವರು ಇಬ್ಬರು ಆ ಮನೆಗೆ ಹೋಗಿ ಮಾತನಾಡಲಿ, ಮಾಲೀಕರಾಗಲಿ, ಬಾಡಿಗೆಯವರಾಗಲಿ. ತಾರಸಿಯ ಒಂದು ಮೂಲೆ ಸೇದುವವರಿಗೆ ಬಿಡೋಣ, ಹಪ್ಪಳ ಒಣಗಿಸುವ ಕಡೆ ಅಲ್ಲ.

ಕಾಕಾ: ನಾಲ್ಕು ಮಹಡಿ ಹತ್ತಿ ಹೋಗಿ ಸೇದಬೇಕೇ? ಕರೆಂಟ್ ಹೋದರೆ ಲಿಫ್ಟ್ ಇಲ್ಲ.

ಕಕ್ಕಿ: ಹತ್ತಿರಿ. ಡಾಕ್ಟರು ನಡೆಯಲು ಹೇಳಿದ್ದಾರೆ.

ಕಾಕಾ: ನಮ್ಮ ಕಟ್ಟಡಕ್ಕೆ ನಾನು ಇದನ್ನು ಒಪ್ಪಿದೆ ಎಂದು ಯಾರೂ ಬರೆದುಕೊಳ್ಳಬೇಡಿ. ಅಷ್ಟು ತೊಂದರೆಯಾಗಿದ್ದರೆ ನಮ್ಮ ಮೇಲಿನ ಮನೆಯವರು ಒಂದು ದಿನವಾದರೂ ಬಂದು ನನ್ನ ಮುಂದೆ ಹೇಳಬೇಕಿತ್ತಲ್ಲ?

ಕಕ್ಕಿ: ಬಂದಿದ್ದರು. ನೀವು ಬಚ್ಚಲಿನಲ್ಲಿದ್ದಿರಿ.